ಓಡುವ ಮನೆಯ ಆರು ಪಾದಗಳು

ಲೋಕದಲ್ಲಿ ಎಲ್ಲರೂ ಮುಖ ನೋಡಿ ಮಣೆ ಹಾಕಿದರೆ ಜೋಡು ಮಾವ ಪಾದ ನೋಡಿ ಹಾಕುತ್ತಿದ್ದರು. ನಲವತ್ತೊಂದು ವರ್ಷ ಬೀದಿಯ ಮೂಲೆಯಲ್ಲಿ ಜೋಡಿನ ಅಂಗಡಿ ನಡೆಸಿದ ಅವರ ಪಾಲಿಗೆ ಮೊಣಕಾಲಿನಿಂದ ಮೇಲಿನ ಮನುಷ್ಯ ಬರೀ ಗಾಳಿಸುದ್ದಿ. ಯಾರಾದರೂ ಎದುರು ಸಿಕ್ಕಿ ಮಾತಾಡಿಸಿದರೆ ಎಲ್ಲರಂತೆ ತಲೆ ಎತ್ತದೆ, ಇನ್ನಷ್ಟು ತಗ್ಗಿಸಿ, "ಓಹೋ, ಒಂಬತ್ತು ಅಗಲ! ಯಾವಾಗ ಬಂದ್ರಿ ಊರಿಗೆ?" ಎನ್ನುತ್ತಿದ್ದರು. ಒಮ್ಮೆ ಕೊನೆಮನೆಯ ಹೂವಿನ ಪಾತಿ ತುಳಿದು ಕಿಟಕಿ ಹತ್ತಿದ ಕಳ್ಳನನ್ನು ಬರೀ ಹೆಜ್ಜೆಗುರುತಿನಿಂದಲೇ ಪತ್ತೆ ಹಚ್ಚಿದರೆಂದು ಬೀದಿಯೆಲ್ಲ ಹೇಳುತ್ತದೆ. ಪತ್ತೆ ಹಚ್ಚಿದ್ದು ನಿಜ. ಕಳ್ಳ ಆ ಮನೆಯ ಯಜಮಾನನೇ ಆಗಿದ್ದ, ಬೀಗದ ಕೈ ಮರೆತಿದ್ದ ಎಂಬುದನ್ನು ಮಾತ್ರ ಬೀದಿ ಅಷ್ಟಾಗಿ ಹೇಳುವುದಿಲ್ಲ. ತಮ್ಮ ಹೆಂಡತಿಯನ್ನು, ಅಂದರೆ ಬೀದಿಗೆಲ್ಲ ಅತ್ತೆಯಾದವರನ್ನು, ಮಾವ ಮೊದಲು ಕಂಡಾಗಲೂ ಮನಸ್ಸಿನಲ್ಲಿ ನಿಂತದ್ದು ಇಷ್ಟೇ: ಐದೂವರೆ, ಅಂಗಾಲಿಗೆ ಎತ್ತರದ ಕಮಾನು. ಮುಖವೂ ಲಕ್ಷಣವಾಗಿದೆ ಎಂದು ತಿಳಿದದ್ದು ಮದುವೆಯ ಫೋಟೊ ತೊಳೆದು ಬಂದ ಮೇಲೆ.

ಇಂಥ ಮಹಾಪುರುಷನಿಗೆ ಒಂದು ಮಹಾಮಂತ್ರವೂ ಇತ್ತು: "ಅರ್ಧ ಅಳತೆ ದೊಡ್ಡದೇ ತಗೊಳ್ಳಿ." ಮಗು ಬೆಳೆಯುತ್ತದೆ, ಕಾಲು ಊದುತ್ತದೆ, ಕಾಲುಚೀಲ ದಪ್ಪಗಿರುತ್ತದೆ, ಕಾರಣ ಯಾವುದಾದರೇನು, ಮಂತ್ರ ಅದೇ. ಆ ಊರಿನ ಎರಡು ತಲೆಮಾರು ಬೂಟಿನ ತುದಿಗೆ ಕಾಗದದ ಉಂಡೆ ತುರುಕಿಕೊಂಡೇ ಶಾಲೆ ಮುಗಿಸಿದೆ.

ಅಂಗಡಿ ಮುಚ್ಚಿದ ವರ್ಷ ಮಾವ ಒಂದು ಹಳೆಯ ಮನೆಗಾಡಿ ಕೊಂಡರು. ಮುಂದೆ ಸ್ಟಿಯರಿಂಗು, ಹಿಂದೆ ಸಂಸಾರ. ಬಲಗಡೆಗೆ ಎರಡು ಒಲೆಯ ಅಡುಗೆಮನೆ, ಮಡಚಿ ಗೋಡೆಗೆ ಸಿಕ್ಕಿಸುವ ಮೇಜು, ಎಡಗಡೆ ಹಿಂಬದಿಯಲ್ಲಿ ಮಂಚ, ಕಿಟಕಿಗೆ ಅತ್ತೆ ಹೊಲಿದ ಪರದೆ. ಕೆಳಗೆ ಆರು ಚಕ್ರ: ಮುಂದೆ ಎರಡು, ಹಿಂದೆ ಒಂದೊಂದು ಬದಿಗೂ ಜೋಡಿ ಜೋಡಿ. ಆರು ಪಾದದ ಗಿರಾಕಿ ಜನ್ಮದಲ್ಲೇ ಸಿಕ್ಕಿರಲಿಲ್ಲವಾದ್ದರಿಂದ ಮಾವ ಹಿಗ್ಗಿ ಹೀರೇಕಾಯಿಯಾದರು. ಆರು ವರ್ಷ, ಪ್ರತಿ ಭಾನುವಾರ, ಕುಳ್ಳ ಮಣೆಯ ಮೇಲೆ ಕೂತು ಆರೂ ಟೈರಿಗೆ ಕರಿ ಪಾಲಿಶ್ ಬಳಿದರು. ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯಿಂದ ಮಿಂಚಿಸಿದರು. ಟೈರುಗಳು ಮದುಮಗನ ಬೂಟಿನಂತೆ ಫಳಫಳ ಹೊಳೆದವು.

ಹೊಳೆಯುತ್ತಲೇ ಒಂದು ದಿನ ಒಡೆದವು. ಆರೂ ಅಲ್ಲ, ಒಂದೇ: ಹಿಂದಿನ ಎಡಬದಿಯ ಹೊರಗಿನದು. ನೆಟ್ಟಗಿನ ರಸ್ತೆ, ಹಾಡುಹಗಲು. ಢಮ್ಮೆಂದ ಸದ್ದಿಗೆ ಸಕ್ಕರೆ ಡಬ್ಬಿ ಅತ್ತೆಯ ತಲೆಯ ಮೇಲಿಂದ ಹಾರಿತು. ಕಿತ್ತುಬಂದ ರಬ್ಬರಿನ ಪಟ್ಟಿ ನೆಲದಡಿಯಿಂದ ದಬದಬನೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ರಸ್ತೆಬದಿಯಲ್ಲಿ ನಡುಗುತ್ತ ನಿಂತಿದ್ದ ಹೆಂಡತಿಗೆ ಮಾವ ಒಂದು ಮಾತು ಅಂದುಬಿಟ್ಟರು.

"ಎಲ್ಲಾ ನಿನ್ನ ಅಡುಗೆಮನೆ ಭಾರ ಕಣೇ. ಇನ್ನೇನಾಗುತ್ತೆ?"

ಅತ್ತೆ ಮನೆಗೆ ಬಂದು ಕುಕ್ಕರ್ ಇಳಿಸಿದರು, ಬಾಣಲೆ ಇಳಿಸಿದರು, ಎಲ್ಲೇ ಹೋದರೂ ಜೊತೆಗಿರುತ್ತಿದ್ದ ಕೈಹೊಲಿಗೆ ಯಂತ್ರವನ್ನೂ ಎರಡು ಕೈಯಲ್ಲಿ ಎದೆಗವಚಿಕೊಂಡು ಇಳಿಸಿದರು. ಕೊನೆಗೆ, "ನಾನೂ ಒಂದು ಭಾರಾನೇ ಅಲ್ವಾ? ತಮ್ಮನ ಮನೆಗೆ ಬಸ್ಸಲ್ಲಿ ಹೋಗ್ತೀನಿ, ಬಿಡಿ" ಎಂದರು. ತಮ್ಮನ ಮನೆ ಎರಡು ದಿನದ ದಾರಿ, ಕೆರೆಯ ದಂಡೆಯಲ್ಲಿತ್ತು. ವರ್ಷಕ್ಕೊಮ್ಮೆ ಗಂಡ ಹೆಂಡತಿ ಮನೆಗಾಡಿಯಲ್ಲಿ ಅಲ್ಲಿಗೆ ಹೋಗುವುದು, ಆ ದಂಡೆಯಲ್ಲೇ ವಾರಗಟ್ಟಲೆ ಇರುವುದು ರೂಢಿ. ಈ ಸಲ ಶನಿವಾರದ ಬಸ್ಸಿಗೆ ಒಂದೇ ಒಂದು ಟಿಕೆಟ್ಟು ಬಂದು ಕನ್ನಡಿಯ ಮೂಲೆಗೆ ಸಿಕ್ಕಿಕೊಂಡಿತು.

ಮಾವನಿಗೆ ಅನ್ನ ಇಳಿಯಲಿಲ್ಲ. ಯಾಕೆಂದರೆ ಗಾಡಿಯ ಎಡಗಡೆ, ಮಂಚದಡಿಯಲ್ಲಿ, 'ಬಿಡಿಭಾಗ' ಎಂದು ಬರೆದು ಸ್ಕ್ರೂ ಬಿಗಿದ ಒಂದು ಮರದ ಪೆಟ್ಟಿಗೆ ಇತ್ತು. ಅದರೊಳಗಿದ್ದದ್ದು ಬಿಡಿಭಾಗವಲ್ಲ, ಐವತ್ತೆರಡು ಕಬ್ಬಿಣದ ಪಾದ. ಜೋಡಿನ ಅಡಿ ಬಡಿಯುವಾಗ ಒಳಗೆ ತುರುಕುವ ಅಚ್ಚುಗಳು. ಒಂದೊಂದೂ ಹೆಚ್ಚುಕಮ್ಮಿ ನಾಲ್ಕು ಕಿಲೋ. ಅಂಗಡಿ ಮುಚ್ಚಿದ ದಿನ ಗುಜರಿಯವನು ತಕ್ಕಡಿ ಹಿಡಿದು ಬಂದಾಗ ಮಾವ ಅವನಿಗೆ ಹಳೆಯ ಕಪಾಟು ಕೊಟ್ಟು ಸಾಗಹಾಕಿದ್ದರು. "ಅಚ್ಚೆಲ್ಲ ಹೋಯ್ತಾ?" ಎಂದು ಹೆಂಡತಿ ಕೇಳಿದಾಗ "ಹೋಯ್ತು" ಅಂದಿದ್ದರು. ಅಂದಮೇಲೆ ಹೋಗಲೇಬೇಕಿತ್ತು. ಮನೆಗಾಡಿ ಹೋದಲ್ಲೆಲ್ಲ ಅವೂ ಹೋದವು.

ಗುರುವಾರ ಬೆಳಿಗ್ಗೆ ಮಾವ ಗಂಟಲು ಸರಿಮಾಡಿಕೊಂಡರು. "ಆರೂ ಟೈರು ಬದಲಾಯಿಸ್ತೀನಿ. ಚಕ್ರಾನೂ ಹೊಸದು ಹಾಕಿಸ್ತೀನಿ. ಆಗ ಹತ್ತುತೀಯ?"

"ಟೈರಂಗಡಿಯವಳು ಸರಿ ಅಂದ್ರೆ ಹತ್ತುತೀನಿ," ಎಂದರು ಅತ್ತೆ. "ನೀವು ಅಂದ್ರೆ ಅಲ್ಲ."

ಹಾಗೆ ಹೇಳಿ ಟೈರಂಗಡಿಗೆ ನಡೆದೇ ಬಂದರು. ಮಾವ ಸ್ಟೆಪ್ನಿ ಹಾಕಿದ್ದ ಗಾಡಿಯನ್ನು ಅವರ ಪಕ್ಕದಲ್ಲೇ, ಮೆರವಣಿಗೆಯ ಆನೆಯಂತೆ, ಹೆಜ್ಜೆ ಲೆಕ್ಕದಲ್ಲಿ ನಡೆಸಿದರು.

ಟೈರಂಗಡಿ ಎಂದರೆ ತಗಡಿನ ಮಾಡು, ಗೋಡೆಯುದ್ದಕ್ಕೂ ಟೈರಿನ ಗೋಪುರ, ಮೂಲೆಯಲ್ಲಿ ಏದುಸಿರು ಬಿಡುವ ಗಾಳಿ ಯಂತ್ರ. ಒಡತಿ, ಊರಿಗೆಲ್ಲ ಟೈರಮ್ಮ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಹೊರಬಂದಳು. ಮಾವ ನೋಡಿದರು: ಆರು, ಉಕ್ಕಿನ ಮೂತಿಯ ಬೂಟು, ಹಿಮ್ಮಡಿ ಸವೆದಿಲ್ಲ. ನಂಬಬಹುದಾದ ಹೆಂಗಸು.

ಟೈರಮ್ಮ ಬಗ್ಗಿ ಒಂದು ಟೈರನ್ನು ಹೆಬ್ಬೆರಳಿನಿಂದ ಉಜ್ಜಿದಳು. ಬೆರಳು ಕಪ್ಪಾಯಿತು. ಮೂಸಿದಳು.

"ಯಜಮಾನ್ರೇ, ಇದು ಟೈರಾ, ಬೂಟಾ?"

"ವಾರಕ್ಕೊಂದು ಸಲ ಪಾಲಿಶ್ ಮಾಡ್ತೀನಮ್ಮ," ಎಂದರು ಮಾವ, ಹೊಗಳಿಕೆಗೆ ಕಾಯುತ್ತ.

ಅವಳು ಚಿಂದಿಗೆ ಏನೋ ಎಣ್ಣೆ ಸುರಿದು ಒರೆಸಿದಳು. ಆರು ವರ್ಷದ ಹೊಳಪು ಒಂದು ಗಳಿಗೆಯಲ್ಲಿ ಹೋಯಿತು. ಕೆಳಗಿದ್ದದ್ದು ಬತ್ತಿದ ಕೆರೆಯ ತಳ: ಸುತ್ತ ಬಿರುಕು, ಬಿರುಕಿನೊಳಗೆ ಬಿರುಕು. ಮಾವನ ಮುಖವೂ ಅದೇ ಬಣ್ಣಕ್ಕೆ ತಿರುಗಿತು.

"ಇಲ್ಲಿ ನೋಡಿ ನಾಲ್ಕು ಅಂಕಿ. ಮೊದಲಿನ ಎರಡು ವಾರ, ಆಮೇಲಿನ ಎರಡು ವರ್ಷ. ಈ ಟೈರು ಹುಟ್ಟಿ ಹದಿನಾಲ್ಕು ವರ್ಷ ಆಯ್ತು."

"ಆದ್ರೆ ಮೇಲಿನ ಗೆರೆಗಳು ಇನ್ನೂ ಸವೆದೇ ಇಲ್ವಲ್ಲಮ್ಮ! ಹೊಸದರ ಹಾಗಿದೆ."

"ಹದಿನಾಲ್ಕು ವರ್ಷ ಡಬ್ಬೀಲೇ ಇದ್ದ ಬೂಟು ಹಾಕ್ಕೊಂಡು ನಡೆದ್ರೆ ಏನಾಗುತ್ತೆ, ಹೇಳಿ?"

"ಅಡಿ ಪುಡಿಪುಡಿ ಆಗುತ್ತೆ," ಎಂದರು ಮಾವ. ತಮ್ಮದೇ ಆಸ್ಥಾನದಲ್ಲಿ ತಾವೇ ಸೋತ ಪಂಡಿತರಂತೆ ಕಂಡರು.

ಚಕ್ರಗಳ ಕಥೆಯೂ ಅಷ್ಟೇ: ನಟ್ಟಿನ ತೂತುಗಳ ಸುತ್ತ ತುಕ್ಕು, ಒಂದರಲ್ಲಿ ಕೂದಲೆಳೆಯ ಸೀಳು. "ಇವೂ ಹೋಗಲಿ," ಎಂದಳು ಟೈರಮ್ಮ. ಮಾವನ ಕಣ್ಣು ಆಗಲೇ ಗೋಡೆಯ ಮೇಲೆ ನೇತಾಡುತ್ತಿದ್ದ ಬೆಳ್ಳಿ ಬಣ್ಣದ ಅಲಾಯ್ ಚಕ್ರಕ್ಕೆ ಅಂಟಿಕೊಂಡಿತ್ತು.

"ಆ ಹೊಳೆಯೋದು ಆರು ಕೊಡಮ್ಮ."

"ಅದು ಕಾರಿಂದು. ನಿಮ್ಮ ಮನೆ ಹೊರೋ ಶಕ್ತಿ ಅದಕ್ಕಿಲ್ಲ. ಮದುವೆ ಬೂಟು ಹಾಕ್ಕೊಂಡು ಯಾರಾದ್ರೂ ಮೂಟೆ ಹೊರ್ತಾರಾ? ನಿಮಗೆ ಬೇಕಾಗಿರೋದು ಉಕ್ಕಿಂದು. ನೋಡೋಕೆ ಚೆನ್ನಾಗಿರಲ್ಲ, ಕೈ ಕೊಡಲ್ಲ."

"ನಮ್ಮ ಮನೆಯವರ ಹಾಗಲ್ಲ ಅನ್ನು," ಎಂದರು ಅತ್ತೆ, ಟೈರಿನ ಗೋಪುರದ ಕಡೆ ನೋಡುತ್ತ.

ಮಾವ ಆ ಏಟು ನುಂಗಿಕೊಂಡು ಕೊನೆಯ ಬಾಣ ಹೂಡಿದರು. "ಆಗಲಿ. ಟೈರು ಮಾತ್ರ ಅರ್ಧ ಅಳತೆ ದೊಡ್ಡದೇ ಕೊಡಮ್ಮ."

"ಯಾಕೆ? ಗಾಡಿ ಇನ್ನೂ ಬೆಳೆಯುತ್ತಾ?"

ಅತ್ತೆ ಮೂರು ವಾರದಲ್ಲಿ ಮೊದಲ ಸಲ ನಕ್ಕರು. ಟೈರಮ್ಮ ಹಿಂದಿನ ಜೋಡಿ ಟೈರುಗಳ ನಡುವೆ ಕೈ ತೂರಿಸಿ ತೋರಿಸಿದಳು. "ಈ ಸಂದಿ ಇರಲೇಬೇಕು. ದೊಡ್ಡದು ಹಾಕಿದ್ರೆ ಎರಡೂ ಒಂದಕ್ಕೊಂದು ಉಜ್ಜಿ ಉಜ್ಜಿ ಕಾದುಹೋಗುತ್ತೆ. ಮತ್ತೆ ಢಮ್."

"ಇವರು ಕೊಟ್ಟ ಮದುವೆ ಚಪ್ಪಲಿ ನನಗೆ ಈಗಲೂ ಅರ್ಧ ಅಳತೆ ದೊಡ್ಡದೇ ಕಣಮ್ಮ," ಎಂದರು ಅತ್ತೆ. "ಮದುವೆ ದಿನ ಎರಡು ಸಲ ಎಡವಿದೀನಿ."

"ಹಾಗಾದ್ರೆ ಸರಿಯಾದ ಅಳತೆ ಯಾವುದು?" ಎಂದು ಮಾವ ಸೋತ ದನಿಯಲ್ಲಿ ಕೇಳಿದರು. ಟೈರಮ್ಮ ಚಾಲಕನ ಬಾಗಿಲು ತೆಗೆದಳು. ಬಾಗಿಲ ಚೌಕಟ್ಟಿನ ಒಳಬದಿಯಲ್ಲಿ ಮಾವನ ಅಂಗಡಿಯ ಚೀಟಿ ಅಂಟಿತ್ತು: 'ನಿಮ್ಮ ಪಾದ, ನಮ್ಮ ಜವಾಬ್ದಾರಿ'. ಉಗುರಿನಿಂದ ಕೆರೆದಳು. ಚೀಟಿಯ ಕೆಳಗೊಂದು ಪುಟ್ಟ ತಗಡು. ಅದರ ಮೇಲೆ ಟೈರಿನ ಅಳತೆ, ಚಕ್ರದ ಅಳತೆ, ತುಂಬಬೇಕಾದ ಗಾಳಿ, ಹೊರಬಹುದಾದ ಭಾರ, ಎಲ್ಲವೂ ಮುತ್ತು ಪೋಣಿಸಿದಂತೆ ಕೆತ್ತಿತ್ತು. ಬೇರೆಯವರ ಪಾದದ ಜವಾಬ್ದಾರಿ ಹೊತ್ತ ಮನುಷ್ಯ ಆರು ವರ್ಷ ಸ್ವಂತ ಗಾಡಿಯ ಪಾದದ ಲೆಕ್ಕವನ್ನು ಮುಚ್ಚಿಟ್ಟುಕೊಂಡು ಓಡಾಡಿದ್ದರು.

"ಅಳತೆ ಸಿಕ್ತು. ಇನ್ನು ಭಾರ," ಎಂದಳು ಟೈರಮ್ಮ. "ಪಕ್ಕದ ಕಲ್ಲಿನ ಡಿಪೋದಲ್ಲಿ ಲಾರಿ ತೂಕ ಮಾಡೋ ಕಬ್ಬಿಣದ ಹಾಸು ಇದೆ. ಒಂದೊಂದು ಬದಿ ಎಷ್ಟು ಹೊರ್ತಿದೆ ಅಂತ ನೋಡೋಣ, ಬನ್ನಿ."

ಮಾವ ಗಾಡಿಗೆ ಅಡ್ಡ ನಿಂತರು. "ಅಷ್ಟೊಂದು ಯಾಕಮ್ಮ? ಅಂದಾಜಲ್ಲೇ ಹಾಕು."

"ಅಂದಾಜಲ್ಲಿ ಬೂಟು ಮಾರಿದ್ರಾ ನೀವು?"

ಗಾಡಿ ಹಾಸಿನ ಮೇಲೆ ಹತ್ತಿತು. ಮೊದಲು ಮುಂದಿನ ಚಕ್ರ, ಆಮೇಲೆ ಹಿಂದಿನದು, ಆಮೇಲೆ ಹಿಂದಿನ ಬಲಬದಿ ಮಾತ್ರ. ಟೈರಮ್ಮ ಕಿವಿಯಿಂದ ಪೆನ್ಸಿಲ್ ತೆಗೆದು ಅಂಗೈ ಮೇಲೆ ಕೂಡಿದಳು, ಕಳೆದಳು, ಹುಬ್ಬೇರಿಸಿದಳು.

"ಹಿಂದೆ ಎಡಗಡೆ ಇನ್ನೂರು ಕಿಲೋ ಮೇಲೆ ಜಾಸ್ತಿ ಇದೆ. ಒಡೆದಿದ್ದು ಅದೇ ಅಲ್ವಾ? ಹಳೇ ರಬ್ಬರು, ಮೇಲೆ ಇಷ್ಟು ಹೊರೆ. ಏನಿಟ್ಟಿದೀರಿ ಆ ಕಡೆ?"

ಅತ್ತೆ ನಿಧಾನವಾಗಿ ಹೇಳಿದರು: "ಅಡುಗೆಮನೆ ಬಲಗಡೆ ಇದೆ. ಅದೂ ಖಾಲಿ. ನಾನೂ ಕೆಳಗೇ ನಿಂತಿದೀನಿ."

ಕಲ್ಲಿನ ಡಿಪೋದಲ್ಲಿ ಕಲ್ಲುಗಳು ಕೂಡ ಕಿವಿಗೊಟ್ಟು ಕೇಳಿದಂತಿತ್ತು. ಮಾವ ರೂಢಿಯಂತೆ ಕೆಳಗೆ ನೋಡಿದರು. ಐದೂವರೆ, ಎತ್ತರದ ಕಮಾನು. ಆ ಪಾದಗಳು ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಆಗ ಮಾವ ತಮ್ಮ ವೃತ್ತಿಯ ಇತಿಹಾಸದಲ್ಲೇ ಇಲ್ಲದ ಕೆಲಸ ಮಾಡಿದರು: ತಲೆ ಎತ್ತಿ ಮುಖ ನೋಡಿದರು.

"ಅಚ್ಚುಗಳು ಕಣೇ. ಗುಜರಿಗೆ ಹಾಕಲಿಲ್ಲ. ಮಂಚದ ಕೆಳಗಿವೆ. ನಿನ್ನ ಕುಕ್ಕರ್‌ದೇನೂ ತಪ್ಪಿಲ್ಲ, ನಿಂದೂ ಇಲ್ಲ. ತಪ್ಪೆಲ್ಲ ನಂದೇ."

ಅತ್ತೆ ನಿಂತ ಗಾಡಿಯೊಳಕ್ಕೆ ಹೋದರು. ಟೈರಮ್ಮನ ಹತ್ತಿರ ಸ್ಕ್ರೂಡ್ರೈವರ್ ಇಸಿದುಕೊಂಡು ಪೆಟ್ಟಿಗೆ ಬಿಚ್ಚಿದರು. ಒಂದೊಂದೇ ಕಬ್ಬಿಣದ ಪಾದ ತೆಗೆದು ನೆಲದ ಮೇಲೆ ಸಾಲಾಗಿಟ್ಟರು. ಅಂಗೈಯಗಲದ ಪುಟಾಣಿಯೊಂದನ್ನು ಕೈಯಲ್ಲೇ ಉಳಿಸಿಕೊಂಡು, "ಇದು ನಮ್ಮ ಮಗಳ ಮೊದಲ ಬೂಟಿಂದಲ್ವಾ?" ಎಂದರು. ಮಾವ ಹೊರಗಿನಿಂದಲೇ ತಲೆಯಾಡಿಸಿದರು.

"ಇನ್ನೂರು ಕಿಲೋ ಸುಳ್ಳು ಹೊತ್ಕೊಂಡು ಓಡ್ತಿದ್ರಲ್ಲ ರೀ! ಟೈರು ಒಡೀದೆ ಇನ್ನೇನು ಮಾಡುತ್ತೆ, ಪಾಪ? ಹೇಳಿದ್ರೆ ನಾನೇನು ಬೇಡ ಅಂತಿದ್ನಾ? ನನ್ನ ಹೊಲಿಗೆ ಕೋಣೇಲಿ ಒಂದು ಗೋಡೆ ಪೂರ್ತಿ ಖಾಲಿ ಬಿದ್ದಿದೆ."

ಬೈಗುಳ ಇಷ್ಟು ತಂಪಾಗಿರುತ್ತದೆಂದು ಮಾವನಿಗೆ ಗೊತ್ತಿರಲಿಲ್ಲ. ಕಬ್ಬಿಣ ಗಾಡಿಯಿಂದ ಇಳಿಯುವ ಮೊದಲೇ ಅವರ ಎದೆಯಿಂದ ಇಳಿದುಹೋಯಿತು. ಡಿಪೋದ ಕಲ್ಲಿನ ಮೇಲೆ ಕೂತು, ಆರು ವರ್ಷದ ಉಸಿರನ್ನು ಒಟ್ಟಿಗೇ ಬಿಟ್ಟರು. ಟೈರಮ್ಮ, "ಗಾಳಿ ಎಲ್ಲಾ ಇಲ್ಲೇ ಖಾಲಿ ಮಾಡಬೇಡಿ, ಯಜಮಾನ್ರೇ" ಎಂದಳು.

ಅಚ್ಚುಗಳು ಅಂದೇ ಹೊಲಿಗೆ ಕೋಣೆಯ ಗೋಡೆ ಸೇರಿದವು. ಹೊಲಿಗೆ ಯಂತ್ರ, ಕುಕ್ಕರ್, ಬಾಣಲೆ ಗಾಡಿಗೆ ಮರಳಿದವು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಆರು ಹೊಸ ಟೈರು, ಆರು ಬೂದು ಬಣ್ಣದ ಉಕ್ಕಿನ ಚಕ್ರ, ತಗಡು ಹೇಳಿದ ಅಳತೆಗೆ ಕೂದಲೆಳೆ ಹೆಚ್ಚಿಲ್ಲದೆ ಕೂತವು. ಮಾವ ಮಂಡಿಯೂರಿ ಆರರ ಹುಟ್ಟಿದ ವಾರವನ್ನೂ ಓದಿ ನೋಡಿದರು. ಟೈರಮ್ಮ ಎದುರುಬದುರಿನ ನಟ್ಟುಗಳನ್ನು ಸರದಿಯಂತೆ ಬಿಗಿದು, ಎರಡು ಆಜ್ಞೆ ಹೊರಡಿಸಿದಳು: "ಎಂಬತ್ತು ಕಿಲೋಮೀಟರ್ ಆದ್ಮೇಲೆ ನಿಲ್ಲಿಸಿ, ನಟ್ಟು ಇನ್ನೊಂದು ಸಲ ಬಿಗಿ ಮಾಡಿ. ಪಾಲಿಶ್ ಬಳಿದ್ರೆ ನನ್ನಾಣೆ."

"ಹತ್ತಬಹುದಾಮ್ಮ?" ಎಂದು ಅತ್ತೆ ಕೇಳಿದರು.

"ಧಾರಾಳವಾಗಿ ಹತ್ತಿ."

ಅತ್ತೆ ಹತ್ತಿ ಮುಂದಿನ ಸೀಟಿನಲ್ಲಿ ಕೂತರು. ಬಸ್ಸಿನ ಟಿಕೆಟ್ಟನ್ನು ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಸಕ್ಕರೆ ಡಬ್ಬಿಯ ಅಡಿಗೆ ಸಿಕ್ಕಿಸಿದರು.

ಎರಡು ದಿನದ ದಾರಿಯಲ್ಲಿ ಸದ್ದು ಮಾಡಿದ್ದು ಅತ್ತೆಯ ಗೊರಕೆಯೊಂದೇ. ಆ ಗೊರಕೆ ಕೇಳುತ್ತ ಗಾಡಿ ಓಡಿಸಿದ ಮಾವನಿಗೆ ಅದಕ್ಕಿಂತ ಇಂಪಾದ ಸಂಗೀತ ಬೇಕಿರಲಿಲ್ಲ. ಎಂಬತ್ತನೆಯ ಕಿಲೋಮೀಟರಿಗೆ ಸರಿಯಾಗಿ ನಿಲ್ಲಿಸಿ ನಟ್ಟು ಬಿಗಿದರು. ಅತ್ತೆ ಕೆಳಗಿಳಿದು ಎಣಿಸಿದರು.

ಕೆರೆಯ ದಂಡೆಯಲ್ಲಿ ಅತ್ತೆಯ ತಮ್ಮ ಕಾಯುತ್ತಿದ್ದ. ಮೂವತ್ತು ವರ್ಷ ಹೆಡ್‌ಮಾಸ್ಟರಾಗಿದ್ದು ನಿವೃತ್ತನಾದವನು. ಕೇಳುವವರು ಸಿಕ್ಕರೆ ಬಿಡುವವನಲ್ಲ. ಅಕ್ಕ ಬಸ್ಸಿನ ಬದಲು ಮನೆಗಾಡಿಯಿಂದಲೇ ಇಳಿದು, "ಹೊಸ ಟೈರು ಕಣೋ, ದಾರಿಯೆಲ್ಲ ನಿದ್ದೆ" ಎಂದದ್ದನ್ನು ಕೇಳಿ ಹಿಗ್ಗಿದ. ನೆರೆಮನೆಯ ನಾಲ್ಕು ಜನರನ್ನೂ ಕೂಗಿ ಕರೆದ.

"ನೋಡಿ, ಇವರೇ ನಮ್ಮ ಭಾವ! ಪಾದಗಳ ಮಹಾಜ್ಞಾನಿ! ನಲವತ್ತೊಂದು ವರ್ಷದ ತಪಸ್ಸು! ಒಡೆದ ಟೈರಿಗೆ ಹೆದರಿ ಬಸ್ಸು ಹಿಡಿಯೋಕೆ ಹೊರಟಿದ್ದ ನಮ್ಮ ಅಕ್ಕನ್ನ ಈ ಗಾಡೀಲೇ ನೆಮ್ಮದಿಯಾಗಿ ನಿದ್ದೆ ಮಾಡಿಸ್ಕೊಂಡು ಕರ್ಕೊಂಡು ಬಂದಿದಾರೆ ಅಂದ್ರೆ, ಅದೆಂಥಾ ಆಯ್ಕೆ ಇರಬೇಕು! ಭಾವ, ಹೇಳಿ, ಇವರೂ ಕೇಳಲಿ. ಸಾವಿರ ಟೈರಿನ ನಡುವೆ ಇದೇ ಸರಿಯಾದ ಅಳತೆ ಅಂತ ಹೇಗೆ ಕಂಡುಹಿಡಿದ್ರಿ?"

ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡರು. ಮಾವ ನಾಲ್ಕು ಜನರ ಪಾದಗಳನ್ನೂ ಒಂದು ಸುತ್ತು ನೋಡಿದರು.

"ಬಾಗಿಲಲ್ಲಿ ಬರೆದಿತ್ತು," ಎಂದರು. "ಓದ್ಕೊಂಡೆ."