ಮೀಸಲಿಟ್ಟ ಫೋನು

ಕರೂರಿನಲ್ಲಿ ಭತ್ತದ ನಾಟಿ ಶುರುವಾಯಿತೆಂದರೆ ಊರಮ್ಮನ ಕೀಪ್ಯಾಡ್ ಫೋನಿಗೆ ಬಿಡುವಿರುವುದಿಲ್ಲ. ನಾಳೆ ತಮ್ಮ ಗದ್ದೆಗೆ ಆಳು ಬೇಕೆನ್ನುವವರೆಲ್ಲ ಅವಳಿಗೇ ಹಚ್ಚುತ್ತಾರೆ. ನಮ್ಮ ಓಣಿಯ ಹೆಣ್ಣಾಳುಗಳ ಗುಂಪಿಗೆ ಅವಳೇ ಮೇಸ್ತ್ರಿ. ಕೆಸರಿನಲ್ಲಿ ಬಗ್ಗಿ ನಿಂತಾಗ ಫೋನು ಬದುವಿನ ಮೇಲೆ ಬುತ್ತಿಯ ಚೀಲದಲ್ಲಿರುತ್ತದೆ. ಅವಳಿಗೆ ಓದು ಬಾರದು. ಆದರೂ ಚೀಲದೊಳಗಿನ ಸದ್ದು ಕೇಳಿಯೇ ಯಾರ ಕರೆ ಎಂದು ಹೇಳುತ್ತಾಳೆ.

ಇದು ಮಗಳು ಸುಮಂಗಲಾ ಮಾಡಿಕೊಟ್ಟ ಏರ್ಪಾಡು. ಗದ್ದೆಯವರಿಗೆಲ್ಲ ಗಂಟೆಯ ಸದ್ದು. ಕುರುಗೋಡಿನಲ್ಲಿರುವ ಊರಮ್ಮನ ತಮ್ಮ ಉಚ್ಚೆಂಗೆಪ್ಪನಿಗೆ ಡೊಳ್ಳಿನ ಸದ್ದು. ತನ್ನ ಕರೆಗೆ ಮಾತ್ರ ಗುಬ್ಬಿಗಳ ಚಿಲಿಪಿಲಿ. ಗಂಡನ ಮನೆ ಬಿಟ್ಟು ಬಂದ ಸುಮಂಗಲಾ, ಮನೆಗೆಲಸಕ್ಕೆಂದು ಕುವೈತಿಗೆ ಹೊರಡುವ ಹಿಂದಿನ ದಿನ ಕುಳಿತು ಇದನ್ನೆಲ್ಲ ಮಾಡಿದ್ದಳು. "ಗುಬ್ಬಿ ಕೂಗಿದ್ರ ನಾ ಅಂತ ತಿಳಕೋ ಯವ್ವಾ, ಕೈ ಕೆಸರಿದ್ರೂ ಎತ್ತಬೇಕು" ಎಂದಿದ್ದಳು.

ಅಲ್ಲಿ ಅವಳ ಒಡತಿ ಕ್ಯಾಮೆರಾ ಇರುವ ಫೋನನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಸುಮಂಗಲಾಳ ಹತ್ತಿರವೂ ಗುಂಡಿ ಒತ್ತುವ ಸಣ್ಣ ಫೋನೇ ಇತ್ತು. ವಾರದಲ್ಲಿ ಒಂದು ಸಲ, ಶುಕ್ರವಾರ ಮಧ್ಯಾಹ್ನ, ಗುಬ್ಬಿ ಕೂಗುತ್ತಿತ್ತು. ಊರಮ್ಮ ಕಚ್ಚೆಯಂತೆ ಎತ್ತಿ ಕಟ್ಟಿದ ಸೀರೆಯಲ್ಲೇ ಬದುವಿಗೆ ಓಡುತ್ತಿದ್ದಳು. ಉಳಿದ ಹೆಂಗಸರು ನಗುತ್ತಿದ್ದರು. ಗುಂಪಿನ ಹಂಪಮ್ಮ, "ಮೇಸ್ತ್ರಿ ಓಡಿದ್ಲು, ನಾವೂ ಎಲಿ ಅಡಿಕಿ ಹಾಕ್ಕೊಳ್ಳೋಣ ಬರ್ರೇ" ಎಂದು ಮೊದಲು ಬದು ಹತ್ತುತ್ತಿದ್ದಳು. ಆ ಕಡೆಯಿಂದ ಬರುತ್ತಿದ್ದ ಮೊದಲ ಮಾತು ಯಾವಾಗಲೂ ಒಂದೇ, "ಉಂಡೇನವ್ವಾ?" ಈ ಕಡೆಯಿಂದ ಹೋಗುತ್ತಿದ್ದದ್ದೂ ಅದೇ.

ವರ್ಷಗಳು ಹೀಗೆ ಮುಖ ನೋಡದೆ ಕಳೆದವು. ಕೊನೆಯ ವರ್ಷ ಸುಮಂಗಲಾ, "ನಿನಗೊಂದು ದೊಡ್ಡ ಫೋನ್ ತಗೊಂಡೀನವ್ವಾ. ಬರುವಾಗ ತರ್ತೀನಿ. ಆಮ್ಯಾಲ ನಾ ಒಂದು ತಗೊಂಡು, ಬ್ಯಾರೆ ಮನಿ ಕೆಲಸ ಹಿಡಿದು, ಮುಖ ನೋಡಿ ಮಾತಾಡೋಣ" ಎಂದಿದ್ದಳು.

ಅವಳು ತರಲಿಲ್ಲ. ಒಂದು ಬೆಳಿಗ್ಗೆ ಮಲಗಿದ್ದವಳು ಏಳಲಿಲ್ಲ. ಎದೆ ನಿಂತಿತು ಎಂದು ಅಲ್ಲಿಯವರು ಹೇಳಿದರು. ಹೈದರಾಬಾದಿನವರೆಗೆ ವಿಮಾನದಲ್ಲಿ, ಅಲ್ಲಿಂದ ಗಾಡಿಯಲ್ಲಿ ಕರೂರಿಗೆ ಬಂದಳು. ಅಷ್ಟು ವರ್ಷಗಳ ಮೇಲೆ ಊರಮ್ಮ ನೋಡಿದ ಮಗಳ ಮುಖ ಅದೇ. ಗಾಡಿ ಬಂದ ಗದ್ದಲದಲ್ಲಿ ಯಾರೋ, "ಜಾಸ್ತಿ ಹೊತ್ತು ತೆರದಿಡಬ್ಯಾಡ್ರಿ" ಎಂದು ಪೆಟ್ಟಿಗೆ ಮುಚ್ಚಿಸಿದರು.

ಸಾಮಾನು ಬಂದದ್ದು ಎರಡು ತಿಂಗಳ ಮೇಲೆ. ಸಿರಿಗೇರಿಯ ಸುಧಾರಾಣಿ ಎಂಬವಳು ಅಲ್ಲಿ ಪಕ್ಕದ ಮನೆಯಲ್ಲಿ ಕೆಲಸಕ್ಕಿದ್ದಳು. ಊರಿಗೆ ಮರಳಿದ ಮೇಲೆ ಒಂದು ದಿನ ಬಸ್ಸಿಳಿದು, ಮನೆ ಕೇಳಿಕೊಂಡು, ಬ್ಯಾಗು ಹೊತ್ತು ಬಂದಳು. ಬ್ಯಾಗಿನಲ್ಲಿ ಎರಡು ಸೀರೆ, ಒಂದು ಸ್ವೆಟರ್, ಪೌಡರ್ ಡಬ್ಬಿ, ಸುಮಂಗಲಾಳ ಗುಂಡಿ ಫೋನು. ಎಲ್ಲದರ ಕೆಳಗೆ ಸೀರೆಯಲ್ಲಿ ಸುತ್ತಿದ್ದ ಒಂದು ಹೊಸ ರಟ್ಟಿನ ಪೆಟ್ಟಿಗೆ. ಅದರ ಮುಚ್ಚಳಕ್ಕೆ ಅಂಟಿಸಿದ್ದ ಕಂಪನಿಯ ಮುದ್ರೆ ಹಾಗೇ ಇತ್ತು.

"ಒಮ್ಮಿ ತೆಗದು ನೋಡೋಣ, ಚಾಲೂ ಮಾಡೋಣ ಅಂತ ನಾನೇ ಎಷ್ಟು ಗಂಟುಬಿದ್ದಿದ್ದೆ ಚಿಗವ್ವಾ" ಎಂದಳು ಸುಧಾರಾಣಿ. "ಮುಟ್ಟಾಕ ಬಿಡಲಿಲ್ಲ. ಇದು ಅವ್ವಗ ಮೀಸಲು, ಮೊದಲ ಅಕಿ ಕೈಲೇ ತೆಗೀಬೇಕು ಅಂದ್ಲು."

ಮೀಸಲು ಎಂಬ ಮಾತಿಗೆ ಊರಮ್ಮ ಪೆಟ್ಟಿಗೆಯಿಂದ ಕೈ ಹಿಂದೆ ತೆಗೆದಳು. ಅವಳ ಮನೆಯಲ್ಲಿ ಆ ಮಾತಿಗೆ ತೂಕ ಹೆಚ್ಚು. ಹೊಸ ಭತ್ತ ಬಂದರೆ ಮೊದಲ ಅಕ್ಕಿಯ ಅನ್ನ, ಮೊದಲ ಬೆಲ್ಲದ ಪಾಯಸ ಹುಲಿಗೆಮ್ಮನಿಗೆ. ಎಡೆ ಆಗುವ ತನಕ ಯಾರೂ ರುಚಿ ನೋಡುವಂತಿಲ್ಲ. ಸುಮಂಗಲಾ ಸಣ್ಣವಳಿದ್ದಾಗ ಒಮ್ಮೆ ಪಾಯಸಕ್ಕೆ ಬೆರಳದ್ದಿ ನೆಕ್ಕಿದ್ದಳು. ಊರಮ್ಮ ಅವಳಿಗೆ ಹೊಡೆಯಲಿಲ್ಲ. ಅಷ್ಟೂ ಪಾಯಸವನ್ನು ಎಮ್ಮೆಗೆ ಸುರಿದು, ಪಾತ್ರೆ ತಿಕ್ಕಿ, ಮತ್ತೆ ಒಲೆ ಹಚ್ಚಿದಳು. ಸಂಜೆಯ ತನಕ ಮನೆಯಲ್ಲಿ ಯಾರೂ ಉಣ್ಣಲಿಲ್ಲ. "ಕೊಡೋ ವಸ್ತು ಎಂಜಲಾಗಬಾರದು" ಎಂದಷ್ಟೇ ಹೇಳಿದ್ದಳು. ಆ ಹುಡುಗಿ ಅದನ್ನು ಮರೆತಿರಲಿಲ್ಲ.

ಊರಮ್ಮ ಪೆಟ್ಟಿಗೆಯನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಕೈಯಾರೆ ಮುದ್ರೆ ಒಡೆದಳು. ಫೋನು ಕನ್ನಡಿಯ ಹಾಗಿತ್ತು. ಅವಳ ಸಿಮ್ಮನ್ನು ಹಾಕಿ ಸುಧಾರಾಣಿ ಚಾಲೂ ಮಾಡಿದಳು. ಬೆಳಕು ಬಂತು, ಬಣ್ಣ ಬಂತು. ಮೇಲೆ ನೆಟ್‌ವರ್ಕಿನ ಗೆರೆ ಮಾತ್ರ ಬರಲಿಲ್ಲ. ಈ ಸಿಮ್ ನಡೆಯುವುದಿಲ್ಲ ಎಂಬ ಇಂಗ್ಲಿಷ್ ಸಾಲೊಂದು ಬಂದು ನಿಂತಿತು.

"ನಡಿಯಂಗಿಲ್ಲಂದ್ರ?"

"ಲಾಕ್ ಆಗೈತಿ ಚಿಗವ್ವಾ. ಫೋನ್ ಮಾಡಾಕ, ಬರಾಕ ಆಗಂಗಿಲ್ಲ."

ಊರಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಕಿ ಜೀವ ತೇದು ತಗೊಂಡಿದ್ದು" ಎಂದಳು. "ಅಕೀನೂ ಮಾತಾಡಂಗಿಲ್ಲ, ಇದೂ ಮಾತಾಡಂಗಿಲ್ಲಂದ್ರ ಹೆಂಗವ್ವಾ? ಇದರಾಗ ಒಂದು ಮಾತರ ಬರಬೇಕು."

ಅಲ್ಲಿಂದ ಮುಂದೆ ಅವಳಿಗೆ ಅದೊಂದೇ ಹಟವಾಯಿತು.

ಮೊದಲು ಇಬ್ಬರೂ ಸಿರುಗುಪ್ಪಕ್ಕೆ ಹೋದರು. ಬಸ್ ನಿಲ್ದಾಣದ ಹತ್ತಿರದ ಅಂಗಡಿಯವನು ಫೋನನ್ನು ತಿರುಗಿಸಿ ನೋಡಿ, "ಇದು ಹೊರಗಿನ ಮಾಲು. ನಮ್ಮ ನೆಟ್‌ವರ್ಕಿಗೆ ಕೂಡಂಗಿಲ್ಲ. ಕೊಡಂಗಿದ್ರ ಹೇಳ್ರಿ, ಬಿಚ್ಚಿ ಸಾಮಾನಿಗೆ ತಗೊಂತೀನಿ" ಎಂದ. ಊರಮ್ಮ ಅವನ ಕೈಯಿಂದ ಫೋನನ್ನು ಕಿತ್ತುಕೊಂಡೇ ಹೊರಬಂದಳು. "ಬಿಚ್ಚತಾನಂತ! ಅವನ ಅಂಗಡಿ ಬಿಚ್ಚಲಿ" ಎಂದು ರಸ್ತೆಯಲ್ಲಿ ನಿಂತು ಬೈದಳು.

ಆಮೇಲೆ ಕುರುಗೋಡು. ಉಚ್ಚೆಂಗೆಪ್ಪನದು ಅಲ್ಲಿ ಪಂಕ್ಚರ್ ಅಂಗಡಿ. ಅವನು ಎಣ್ಣೆಗೈ ಒರೆಸಿಕೊಂಡು ಫೋನು ಇಸಿದುಕೊಂಡ.

"ಇಷ್ಟಕ್ಕ ಯಾಕ ಅಳ್ತೀ ಯಕ್ಕಾ? ಟ್ಯೂಬಿನಾಗ ಎಲ್ಲಿ ತೂತು ಐತಿ ಅಂತ ಹುಡುಕಂಗಿಲ್ಲಾ? ಇದೂ ಹಂಗ. ಸೆಟ್ಟಿಂಗಿನಾಗ ಎಲ್ಲೋ ತೂತು ಐತಿ."

"ಮಾಮಾ, ನೀರಾಗ ಮುಣಗಿಸಿ ಮಾತ್ರ ನೋಡಬ್ಯಾಡ್ರಿ" ಎಂದಳು ಸುಧಾರಾಣಿ.

ಅಂದು ಊರಮ್ಮನೂ ಒಂದು ಗಳಿಗೆ ನಕ್ಕಳು. ಉಚ್ಚೆಂಗೆಪ್ಪ ಮಧ್ಯಾಹ್ನದವರೆಗೆ ಒತ್ತಿದ, ಆರಿಸಿದ, ಹಚ್ಚಿದ. ಸಿಮ್ಮನ್ನು ತೆಗೆದು ಅಂಗಿಗೆ ಉಜ್ಜಿ ಹಾಕಿದ. ಕೊನೆಗೆ ಸೋತು, "ಬಳ್ಳಾರಿಯಾಗ ಹೊನ್ನೂರಸ್ವಾಮಿ ಅಂತ ಅದಾನ. ಅವನ ಕೈಯಾಗ ಆಗಲಿಲ್ಲಂದ್ರ ಯಾರ ಕೈಯಾಗೂ ಆಗಂಗಿಲ್ಲ" ಎಂದು ಅಂಗಡಿ ಮುಚ್ಚಿ ತಾನೂ ಬಸ್ಸು ಹತ್ತಿದ.

ಹೊನ್ನೂರಸ್ವಾಮಿಯ ಅಂಗಡಿ ಒಬ್ಬ ಮನುಷ್ಯ ಕೂರುವಷ್ಟೇ ಇತ್ತು. ಅವನು ಫೋನಿಗಿಂತ ಮೊದಲು ಪೆಟ್ಟಿಗೆ ಕೇಳಿದ. ಅದರ ಬದಿಗೆ ಅಂಟಿಸಿದ್ದ ಸಣ್ಣ ಚೀಟಿಯನ್ನು ಓದಿದ.

"ಕೆಟ್ಟಿಲ್ಲಮ್ಮಾ ಇದು. ಇಲ್ಲಿ ಬರದೈತಿ ನೋಡ್ರಿ. ಯಾವ ದೇಶದಾಗ ತಗೊಂಡಿರ್ತಾರಲ್ಲ, ಮೊದಲ ಆ ಕಡೀ ಸಿಮ್ ಹಾಕಿ ಒಂದೈದು ನಿಮಿಷ ಮಾತಾಡಬೇಕು. ಅದಾದ ಮ್ಯಾಲ ಯಾವ ದೇಶದ ಸಿಮ್ ಹಾಕಿದ್ರೂ ನಡಿತೈತಿ. ತಗೊಂಡೋರು ಅಲ್ಲೇ ಒಂದು ಫೋನ್ ಮಾಡಿದ್ರ ಮುಗೀತಿತ್ತು. ಯಾಕ ಮಾಡಲಿಲ್ಲ?"

ಸುಧಾರಾಣಿ ನೆಲ ನೋಡಿದಳು. ಊರಮ್ಮ ನಿಧಾನಕ್ಕೆ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಳು.

"ನಾನಪ್ಪಾ ಕಲಿಸಿದ್ದು" ಎಂದಳು. "ಮೀಸಲು ಮುಟ್ಟಬಾರದು ಅಂತ ನಾನ ಕಲಿಸಿದ್ದು."

ಉಚ್ಚೆಂಗೆಪ್ಪ ನಡೆದದ್ದನ್ನೆಲ್ಲ ಹೇಳಿದ. ಹೊನ್ನೂರಸ್ವಾಮಿ ಕೇಳಿ ತನ್ನ ಚಿಮಟಿಗೆಯನ್ನು ಕೆಳಗಿಟ್ಟ. ಆಮೇಲೆ ಕೇಳಿದ, "ಆ ಹುಡುಗೀ ಸಿಮ್ ಐತೇನ್ರಿ?"

ಮಗಳ ಗುಂಡಿ ಫೋನು ಊರಮ್ಮನ ಚೀಲದಲ್ಲೇ ಇತ್ತು. ಬಂದ ದಿನದಿಂದ ಅವಳು ಅದನ್ನು ಬಿಟ್ಟು ಎಲ್ಲೂ ಹೋಗಿರಲಿಲ್ಲ. ಅವನು ಅದರೊಳಗಿನ ಸಿಮ್ಮನ್ನು ಹೊಸ ಫೋನಿಗೆ ಹಾಕಿದ, ಊರಮ್ಮನ ಸಿಮ್ಮನ್ನು ಅವಳ ಹಳೆಯ ಫೋನಿಗೇ ಮರಳಿ ಹಾಕಿಕೊಟ್ಟ. ಹೊಸ ಫೋನು ಬಹಳ ಹೊತ್ತು ನೆಟ್‌ವರ್ಕ್ ಹುಡುಕಿತು. ಆಮೇಲೆ ಗೆರೆಗಳು ಎದ್ದು ನಿಂತವು.

"ದುಡ್ಡು ಐತಿ ಇದರಾಗ" ಎಂದ.

"ಶುಕ್ರವಾರಕ್ಕಂತ ಗುರುವಾರ ಹಾಕಿಸ್ತಿದ್ಲು" ಎಂದಳು ಸುಧಾರಾಣಿ. ಸುಮಂಗಲಾ ಹೋದದ್ದು ಒಂದು ಶುಕ್ರವಾರ ಬೆಳಿಗ್ಗೆ.

"ಹಂಗಾದ್ರ ಒಂದು ಕಾಲ್ ಹಚ್ಚೋಣ. ಕಟ್ ಮಾಡದ ಹಿಡೀಬೇಕು. ಯಾರ ನಂಬರಿಗೆ ಹಚ್ಚಲಿ?"

ಉಚ್ಚೆಂಗೆಪ್ಪ ಹಿಂದೆ ಮುಂದೆ ನೋಡದೆ ಅಕ್ಕನ ನಂಬರು ಹೇಳಿದ. ತನ್ನದು ಬಿಟ್ಟರೆ ಅವನಿಗೆ ಬಾಯಿಪಾಠವಿದ್ದದ್ದು ಅದೊಂದೇ.

ಊರಮ್ಮನ ಬುತ್ತಿ ಚೀಲದೊಳಗೆ ಗುಬ್ಬಿಗಳು ಕೂಗಿದವು.

ಅವಳು ತಟ್ಟನೆ ಎದ್ದು ನಿಂತಳು. ಆ ಸದ್ದಿಗೆ ಅವಳ ಕಾಲು ಓಡಲು ಕಲಿತಿತ್ತು. ಚೀಲಕ್ಕೆ ಕೈ ಹಾಕಿದವಳು ಹಾಗೇ ನಿಂತಳು. ಗುಬ್ಬಿಗಳು ಕೂಗುತ್ತಲೇ ಇದ್ದವು. ಉಚ್ಚೆಂಗೆಪ್ಪ ತಾನು ಮಾಡಿದ್ದೇನೆಂದು ಆಗ ಅರಿತು, "ಬ್ಯಾಡ ಕಟ್ ಮಾಡಪ್ಪಾ, ನನ್ನ ನಂಬರಿಗೆ ಹಚ್ಚು" ಎಂದ.

"ಕಟ್ ಮಾಡಬ್ಯಾಡ" ಎಂದಳು ಊರಮ್ಮ. ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು. ಕೈಯಲ್ಲಿ ಕೆಸರಿರಲಿಲ್ಲ. ಫೋನು ಎತ್ತಿದಳು.

"ಉಂಡೇನವ್ವಾ?"

ಹೊನ್ನೂರಸ್ವಾಮಿ ಹೊಸ ಫೋನನ್ನು ಗಾಜಿನ ಮೇಲಿಟ್ಟು ಮುಖ ತಿರುಗಿಸಿಕೊಂಡ. ಒಂದು ಕ್ಷಣ ಬಿಟ್ಟು ಅದರೊಳಗಿಂದ ಸಣ್ಣಗೆ ಅದೇ ಮಾತು ಬಂತು, ಉಂಡೇನವ್ವಾ. ಊರಮ್ಮ ಬೆಚ್ಚಿ ಆ ಕಡೆ ನೋಡಿದಳು. ಅದು ಅವಳದೇ ದನಿ.

"ಯಾಕಿಷ್ಟು ತಡಾಗಿ ಬರ್ತೈತಪ್ಪಾ?"

"ಆ ದೇಶದ ಸಿಮ್ಮಲ್ರಿ ಅಮ್ಮಾ. ಮಾತು ಅಲ್ಲಿಗೆ ಹೋಗಿ ಬರ್ತೈತಿ ಅಂತಾರ."

"ಅಲ್ಲಿಗೆ ಹೋಗಿ ಬರ್ತೈತಾ?"

"ಹಂಗಂತಾರ್ರಿ."

ಆಮೇಲೆ ಅವಳು ಯಾರನ್ನೂ ನೋಡಲಿಲ್ಲ. ಗೋಡೆಯ ಕಡೆ ತಿರುಗಿ ನಿಂತು ಮಾತಾಡಿದಳು. ಈ ಸಲ ಸಸಿ ಚೆನ್ನಾಗಿ ಬಂದಿರುವುದನ್ನು ಹೇಳಿದಳು. ಹಂಪಮ್ಮನ ಮೊಣಕಾಲು ನೋವು, ಎಮ್ಮೆ ಹೆಣ್ಣುಗರು ಹಾಕಿದ್ದು, ಕಾಲುವೆಗೆ ನೀರು ಬಿಟ್ಟದ್ದು. "ನಿನ್ನ ಸೀರಿ ಬಂದಾವು. ನೀಲಿ ಸೀರಿ ನಾ ಉಡಂಗಿಲ್ಲವ್ವಾ, ಅದು ನಿನಗ ಚೊಲೊ ಕಾಣತಿತ್ತು" ಎಂದಳು. "ಫೋನ್ ಬಂತು. ನಾನ ಮುದ್ರಿ ಒಡದೀನಿ. ನೀ ಮುಟ್ಟಿದ್ರೂ ಆಗತಿತ್ತು ಸುಮೀ. ನಿನ್ನ ಕೈ ನನಗ ಎಂಜಲೇನವ್ವಾ?" ಗಾಜಿನ ಮೇಲಿನ ಫೋನು ಪ್ರತಿ ಮಾತನ್ನೂ ಸ್ವಲ್ಪ ತಡಮಾಡಿ ತಿರುಗಿ ಹೇಳುತ್ತಿತ್ತು. ಅವಳು ಒಂದೊಂದು ಮಾತು ಆಡಿ, ಅದು ಹೋಗಿ ಬರುವ ತನಕ ಕಾದು, ಮತ್ತೊಂದು ಆಡುತ್ತಿದ್ದಳು. ಸುಧಾರಾಣಿ ಹೊರಗೆ ರಸ್ತೆಗೆ ಹೋಗಿ ನಿಂತಳು.

ಒಂದು ಮಾತಿನ ನಡುವೆ ಫೋನು ತಾನಾಗಿ ನಿಂತಿತು. ಸುಮಂಗಲಾ ಹಾಕಿಸಿದ್ದ ದುಡ್ಡು ಮುಗಿದಿತ್ತು.

ಹೊನ್ನೂರಸ್ವಾಮಿ ಊರಮ್ಮನ ಸಿಮ್ಮನ್ನು ಹೊಸ ಫೋನಿಗೆ ಹಾಕಿ ನೋಡಿದ. ಇಂಗ್ಲಿಷ್ ಸಾಲು ಬರಲಿಲ್ಲ. ಗೆರೆಗಳು ಬಂದವು. ಉಚ್ಚೆಂಗೆಪ್ಪ ತನ್ನ ಫೋನಿನಿಂದ ಹಚ್ಚಿದ, ಹೊಸ ಫೋನು ಯಾವುದೋ ಪರಕೀಯ ಸದ್ದಿನಲ್ಲಿ ಮೊಳಗಿತು. "ಆತು ನೋಡಕ್ಕಾ! ಚಾಲೂ ಆತು!" ಎಂದು ಕೂಗಿದ.

ಊರಮ್ಮ ತನ್ನ ಹಳೆಯ ಫೋನನ್ನು ಕೈಯಲ್ಲಿ ಹಿಡಿದಿದ್ದಳು. ಸಿಮ್ ಇಲ್ಲದೆ ಅದರ ಬೆನ್ನು ತೆರೆದಿತ್ತು. "ನನ್ನ ಸಿಮ್ ಇದಕ್ಕ ಹಾಕಪ್ಪಾ" ಎಂದಳು. "ಗುಬ್ಬಿ ಇದರಾಗ ಅದಾವು. ಅಕೀ ಸಿಮ್ ಅದರಾಗ ಇರ್ಲಿ."

"ಇಷ್ಟೂರು ತಿರುಗಿ ಮತ್ತ ಡಬ್ಬಾ ಫೋನೇನಕ್ಕಾ?" ಎಂದ ಉಚ್ಚೆಂಗೆಪ್ಪ. ಹೊನ್ನೂರಸ್ವಾಮಿ ಅವನನ್ನು ಕಣ್ಣಲ್ಲೇ ತಡೆದು, ಅವಳು ಹೇಳಿದ ಹಾಗೆ ಮಾಡಿಕೊಟ್ಟ.

ಅಂದಿನಿಂದ ಹೊಸ ಫೋನು ದೇವರ ಜಗಲಿಯ ಪಕ್ಕದಲ್ಲಿ, ಸುಮಂಗಲಾಳ ಸಿಮ್ಮಿನೊಂದಿಗೆ ಇತ್ತು. ಊರಮ್ಮ ಪ್ರತಿ ಗುರುವಾರ ಅದನ್ನು ಚಾರ್ಜಿಗೆ ಇಡುತ್ತಿದ್ದಳು. ಅದರಿಂದ ಯಾರಿಗೂ ಹಚ್ಚಲಿಲ್ಲ. ಗೆರೆಗಳು ನಿಂತಿವೆಯೇ ಎಂದು ನೋಡುತ್ತಿದ್ದಳು, ಅಷ್ಟೇ.

ಮುಂದಿನ ನಾಟಿಯ ಹೊತ್ತಿಗೆ ಒಂದು ದಿನ ಗೆರೆಗಳಿರಲಿಲ್ಲ. ಸುಧಾರಾಣಿ ಬಂದಾಗ ತೋರಿಸಿದಳು. ಸುಧಾರಾಣಿ ಓದಿ, ಹೇಳಲು ಹಿಂಜರಿದಳು.

"ಬಹಳ ದಿನ ದುಡ್ಡು ಹಾಕಲಿಲ್ಲಂದ್ರ ಸಿಮ್ ಬಂದ್ ಆಗ್ತೈತಿ ಚಿಗವ್ವಾ. ಆ ನಂಬರ್ ಅಲ್ಲಿ ಬ್ಯಾರೇದೋರಿಗೆ ಕೊಡ್ತಾರ."

"ಕೊಟ್ಟಾರೇನು?"

"ಕೊಟ್ಟಿರಬೇಕು, ಇಲ್ಲಾ ಕೊಡ್ತಾರ."

ಊರಮ್ಮ ಫೋನನ್ನು ಸೆರಗಿನಿಂದ ಒರೆಸಿದಳು. ಆರಿಸುವುದು ಹೇಗೆಂದು ಕೇಳಿ, ತಾನೇ ಆರಿಸಿ, ಪೆಟ್ಟಿಗೆಯಲ್ಲಿಟ್ಟಳು.

"ಯಾವ ಊರಿನ ಹುಡುಗಿಗೆ ಹೋಗೈತೋ" ಎಂದಳು. "ಅಕೀನೂ ಅವ್ವಗ ಹಚ್ಚತಿರಬೇಕು."

ಆಮೇಲೆ ಬುತ್ತಿ ಚೀಲ ಹೆಗಲಿಗೆ ಹಾಕಿಕೊಂಡು, ಕಾಯುತ್ತಿದ್ದ ಹೆಂಗಸರ ಜೊತೆ ಗದ್ದೆಗೆ ಹೋದಳು. ಅಂದು ಶುಕ್ರವಾರ. ಮಧ್ಯಾಹ್ನ ಬದುವಿನ ಮೇಲೆ ಗಂಟೆಯ ಸದ್ದಾಯಿತು, ಡೊಳ್ಳಿನ ಸದ್ದೂ ಆಯಿತು. ಅವಳು ಬಗ್ಗಿದಲ್ಲಿಂದ ಏಳಲಿಲ್ಲ. ಮೇಸ್ತ್ರಿ ಏಳುವ ತನಕ ಹಂಪಮ್ಮನೂ ಬದು ಹತ್ತಲಿಲ್ಲ.