ಹಿಟ್ಟಿನ ಮಾತು ಯಾರದು?

ಸ್ನೇಹಿತರೇ, ಇವತ್ತು ನಾನು ಅರ್ಧ ನಿಮಿಷ ವಿದ್ವಾಂಸನಾಗಿದ್ದೆ.

ತಂಗಿಯ ಮಗಳು ಅಶ್ವಿನಿ ಮಧ್ಯಾಹ್ನ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಬಂದು ತನ್ನ ಎಂ.ಎ. ಪ್ರಬಂಧ ತೋರಿಸಿದಳು. ಇಲ್ಲಿಗೆ ಬಂದ ಉಡುಪಿಯ ಹೆಂಗಸರ ಅಡುಗೆಮನೆಯ ಬಗ್ಗೆ ಬರೆದದ್ದು. ನಾಳೆ ಕಾಲೇಜಿಗೆ ಕೊಡಬೇಕು. ಒಂದು ಪುಟದಲ್ಲಿ ಹೀಗಿತ್ತು: "ಹೊಸ ಊರಲ್ಲಿ ದೋಸೆಹಿಟ್ಟು ಉಬ್ಬಲಿಕ್ಕೂ ಒಂದು ದಿನ ಹೆಚ್ಚು ಬೇಕು, ಮನಸ್ಸಿಗೇನು ಅವಸರ?" ಕೆಳಗೆ ನನ್ನ ಹೆಸರು.

ಓದುತ್ತಿದ್ದಂತೆ ಅಡುಗೆಮನೆಯಿಂದ ಹುಳಿಹಿಟ್ಟಿನ ವಾಸನೆ ತೇಲಿ ಬಂದ ಹಾಗಾಯಿತು. ಇಲ್ಲಿನ ನಮ್ಮ ಮೊದಲ ಚಳಿಗಾಲ. ನನ್ನ ಸ್ವೆಟರನ್ನು ಹಿಟ್ಟಿನ ಪಾತ್ರೆಗೆ ಹೊದೆಸುತ್ತಾ ನನ್ನ ಹೆಂಡತಿ ಸುಮತಿ ಹೇಳಿದ ಮಾತದು. ಅವಳು ತೀರಿಹೋದ ಮೇಲೆ ಎಲ್ಲರ ಮುಂದೆ ಹೇಳಿ ಹೇಳಿ ನನ್ನದೇ ಮಾಡಿಕೊಂಡಿದ್ದೆ.

"ಇದು ನಿನ್ನ ಮಾಮಿಯ ಮಾತು ಮಾರಾಯ್ತಿ, ಹೆಸರು ಬದಲಾಯಿಸು."

"ಪಣ್ ಮಾಮಾ, ಆಪ್ ನೇ ಹೀ ತೋ ಬೋಲಾ ಥಾ! ಪ್ರಿಂಟ್ ಭೀ ಹೋ ಗಯಾ." ಹೇಳಿದ್ದು ನೀವೇ ಅಲ್ಲವಾ, ಪ್ರಿಂಟೂ ಆಗಿಹೋಯಿತು ಅಂತ ಅವಳ ಮುಂಬೈ ಹಿಂದಿ.

"ಬೇರೆಯವರ ಮಾತನ್ನು ಅವರ ಹೆಸರಿಲ್ಲದೆ ಬರೆದರೆ ಇಟ್ ಈಸ್ ಎ ಥೆಫ್ಟ್ ಅಂತ ನಮ್ಮ ಬಿ.ಎ. ಮೇಷ್ಟ್ರು ಹೇಳುತ್ತಿದ್ದರು. ಮುಂದಿನದು ಮರೆತಿದೆ."

ಅಶ್ವಿನಿ ಗೈಡ್ ಮೇಡಮ್ಮಿಗೆ ಫೋನ್ ಮಾಡಿದಳು. ಹೇಳಿದವರ ಹೆಸರು ಮೊದಲು, ನೆನಪಿಸಿಕೊಂಡವರದ್ದು ಆಮೇಲೆ ಎಂದರಂತೆ. ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಆ ಪುಟ ಮತ್ತೆ ಪ್ರಿಂಟ್ ಆಯಿತು.

ರೇಷನ್ ಕಾರ್ಡಿನಲ್ಲೂ ಬಾಗಿಲ ಫಲಕದಲ್ಲೂ ನನ್ನ ಹೆಸರಿನ ಕೆಳಗೇ ಇದ್ದ ಸುಮತಿ ಇವತ್ತು ಮೇಲೆ ಬಂದಳು. ಹೀಗೆ ಒಂದೊಂದೇ ವಾಪಸು ಕೊಡುತ್ತಾ ಹೋದರೆ ನನ್ನದು ಅಂತ ಉಳಿಯುವುದು ಆ ಸ್ವೆಟರ್ ಒಂದೇ. ಅದನ್ನೂ ಹೆಣೆದದ್ದು ಅವಳೇ.