ಮೇಣದಕ್ಕನ ತಟ್ಟೆಯಲ್ಲಿ ಉಳಿದ ಸುರುಳಿಗಳು

ಆಸ್ಪತ್ರೆಯ ಮುಂಬಾಗಿಲಿನ ಫಲಕದ ಪ್ರಕಾರ, ಮಕ್ಕಳ ಯಕೃತ್ತಿನ ಗಂಟುಗಳ ಕುರಿತ ಅಣುಮಟ್ಟದ ಸಂಶೋಧನೆಯು ‘ಸಂಪೂರ್ಣ ಯಂತ್ರಚಾಲಿತ’. ಇದು ಅಪ್ಪಟ ಸುಳ್ಳು. ನೆಲಮಾಳಿಗೆಯ ಕೋಣೆಯಲ್ಲಿ ಕೊಯ್ಯುವ ಯಂತ್ರದ ಚಕ್ರವನ್ನು ತಿರುಗಿಸುವುದು ವಿದ್ಯುತ್ತಲ್ಲ, ಒಬ್ಬ ಹೆಂಗಸಿನ ಬಲಗೈ. ಫಲಕ ಬರೆಸಿದವರು ಮೆಟ್ಟಿಲಿಳಿದು ಒಮ್ಮೆಯಾದರೂ ನೋಡಬಹುದಿತ್ತು.

ರೋಗಿಯ ದೇಹದಿಂದ ತೆಗೆದ ತುಣುಕು ಮೇಣದ ಅಚ್ಚಿನೊಳಗೆ ಹುದುಗಿ ಆ ಹೆಂಗಸಿನ ಬಳಿಗೆ ಬರುತ್ತದೆ. ಅದನ್ನು ಮಂಜುಗಡ್ಡೆಯ ಮೇಲೆ ತಣಿಸಿ, ಕೂದಲಿಗಿಂತ ತೆಳುವಾದ ಪದರಗಳಾಗಿ ಕೊಯ್ಯುವುದು ಅವರ ಉದ್ಯೋಗ. ಹೀಗಾಗಿ ಇಡೀ ಆಸ್ಪತ್ರೆಗೆ ಅವರು ಮೇಣದಕ್ಕ. ದರ್ಜಿಯಾದ ಗಂಡ ಮನೆಯಲ್ಲಿ ಕಾಲೆಳೆಯುವುದುಂಟು: “ನಾನು ಅಂಗಿ ಕೆಡಿಸಿದ್ರೆ ಕರವಸ್ತ್ರನಾದ್ರೂ ಆಗತ್ತೆ. ನೀನು ಕೆಡಿಸಿದ್ರೆ ಏನೇ ಮಾಡ್ತೀಯ?”

“ಕೆಡಿಸೋದು ನಿಮ್ಮ ಕಸುಬು ಕಣ್ರೀ, ನನ್ನದಲ್ಲ.”

ಡಿಎನ್‌ಎ ಪರೀಕ್ಷೆಗೆ ಹೋಗುವ ಅಚ್ಚೆಂದರೆ ಅಕ್ಕನ ಶಿಸ್ತೇ ಬೇರೆ. ಒಬ್ಬ ರೋಗಿಯ ಕಣ ಇನ್ನೊಬ್ಬರದರೊಂದಿಗೆ ಬೆರೆತರೆ ಫಲಿತಾಂಶವೇ ತಲೆಕೆಳಗು. ಆದ್ದರಿಂದ ಹೊಸ ಬ್ಲೇಡು, ಹೊಸ ಕೈಗವಸು. ಬ್ಲೇಡಿನ ಕೆಳಗಿನ ತಟ್ಟೆಯನ್ನು ಮೂಲೆಮೂಲೆಯೂ ಬಿಡದೆ ಒರೆಸುವುದು. “ಅಕ್ಕ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕ್ತಿದಾರೆ, ಇನ್ನು ಮಧ್ಯಾಹ್ನಾನೇ ಬನ್ನಿ” ಎಂದು ಪಕ್ಕದ ಮೇಜಿನವರು ನಗುತ್ತಿದ್ದರು.

ಆ ದಿನ ಬಂದದ್ದು ಒಂದು ಪುಟ್ಟ ಮಗುವಿನ ಅಚ್ಚು. ಯಕೃತ್ತಿನ ಗಂಟಿನಿಂದ ಸೂಜಿಯಲ್ಲಿ ತೆಗೆದ, ಹೊಲಿಗೆ ದಾರದಷ್ಟು ಸಣ್ಣ ತುಣುಕು. ಅದರಲ್ಲೂ ಬಹುಭಾಗ ಸೂಕ್ಷ್ಮದರ್ಶಕದ ಪರೀಕ್ಷೆಗೆ ಆಗಲೇ ಮುಗಿದಿತ್ತು. ಗಂಟು ಎರಡು ಬಗೆಗಳಲ್ಲಿ ಯಾವುದೆಂದು ಕಣ್ಣಿಗೆ ತೀರ್ಮಾನವಾಗಿರಲಿಲ್ಲ. ಚಿಕಿತ್ಸೆ ಎರಡಕ್ಕೂ ಬೇರೆ ಬೇರೆ. ಉಳಿದ ತುಣುಕಿನ ಡಿಎನ್‌ಎ ಸಾಲದಿದ್ದರೆ ಮಗುವಿಗೆ ಮಂಪರು ಕೊಟ್ಟು ಮತ್ತೆ ಸೂಜಿ ಹಾಕಬೇಕು.

ಮಗುವಿನ ಅಜ್ಜಿ ದಾರಿ ಕೇಳಿಕೊಂಡು ಬಾಗಿಲವರೆಗೂ ಬಂದುಬಿಟ್ಟಿದ್ದರು. “ನೀವೇ ಏನಮ್ಮ ಕೊಯ್ಯೋರು? ಹೋದ ಸಲ ಸೂಜಿ ಹಾಕಕ್ಕೆ ಒಳಗೆ ಕರ್ಕೊಂಡು ಹೋಗೋವಾಗ ಪುಟ್ಟಿ ಕಚ್ಚಿದ್ದು ನೋಡಿ.” ಮಣಿಕಟ್ಟು ಚಾಚಿದರು. “ಬಾಯಲ್ಲಿರೋದು ನಾಕು ಹಲ್ಲು, ನಾಯಿ ಕಚ್ಚಿದ ಹಾಗಿದೆ. ಇನ್ನೊಂದ್ಸಲ ಬೇಡಮ್ಮ, ನನ್ನ ಕೈಲಿ ನೋಡಕ್ಕಾಗಲ್ಲ.”

“ಇರೋದರಲ್ಲೇ ಮುಗಿಸೋಣ ಅಜ್ಜಿ. ನೀವು ಮೇಲೆ ಹೋಗಿ ಕೂತ್ಕೊಳ್ಳಿ.”

ಅಜ್ಜಿ ಮೇಲೆ ಹೋದರು. ಅಕ್ಕ ಎಲ್ಲವನ್ನೂ ಒರೆಸಿದರು, ಬ್ಲೇಡು ಬದಲಿಸಿದರು, ಅಚ್ಚು ಕೂರಿಸಿದರು. ಯಂತ್ರವನ್ನು ಮಾತ್ರ ದಪ್ಪ ಪದರದ ಗುರುತಿನಿಂದ ತೆಳುವಿಗೆ ತಿರುಗಿಸಲು ಮರೆತರು. ದೊಡ್ಡ ಅಚ್ಚುಗಳ ಮೇಲ್ಮೈಯನ್ನು ಮೊದಲು ದಪ್ಪಗೆ ಹೆರೆದು ಸಮ ಮಾಡುವುದು ರೂಢಿ. ಕೈ ಆ ರೂಢಿಯಂತೆಯೇ ಚಕ್ರ ತಿರುಗಿಸಿತು. ಮೇಣದ ಸುರುಳಿಗಳು ತಟ್ಟೆಗೆ ಬಿದ್ದವು. ಅವುಗಳೊಳಗೆ ತುಣುಕಿನ ಕಂದು ಗೆರೆ ಕಂಡಿತು. ಅಕ್ಕ ಚಕ್ರ ನಿಲ್ಲಿಸಿದರು.

ಹೆರೆದದ್ದನ್ನು ಕುಂಚದಿಂದ ಗುಡಿಸಿ ಬುಟ್ಟಿಗೆ ಹಾಕುವುದೂ ಅದೇ ರೂಢಿಯ ಭಾಗ. ಅಕ್ಕ ಕುಂಚವನ್ನು ಮುಟ್ಟದೆ, ಸಂಶೋಧನೆಯ ಹೊಣೆ ಹೊತ್ತ ಡಾಕ್ಟರಮ್ಮನಿಗೆ ಫೋನು ಮಾಡಿದರು. “ಮೇಡಂ, ನನ್ನಿಂದ ಎಡವಟ್ಟಾಗಿದೆ. ಸ್ವಲ್ಪ ಬನ್ನಿ.”

ಡಾಕ್ಟರಮ್ಮ ಏದುಸಿರು ಬಿಡುತ್ತಲೇ ಬಂದರು. “ಎಷ್ಟು ಹೋಯ್ತು?”

“ಹೋಗಿಲ್ಲ, ತಟ್ಟೇಲೇ ಇದೆ. ಆದರೆ ಪುಡಿಪುಡಿ.”

“ಕೊಯ್ಯೋಕೆ ಮೊದಲು ತಟ್ಟೆ ಒರೆಸಿದ್ರಾ?”

“ಅದೇನು ಕೇಳ್ತೀರಿ ಮೇಡಂ!”

“ಬ್ಲೇಡು?”

“ಹೊಸದು.”

ಡಾಕ್ಟರಮ್ಮ ಕುರ್ಚಿಯಲ್ಲಿ ಕುಸಿದು ನಕ್ಕರು. “ಮತ್ಯಾಕೆ ನನ್ನ ಪ್ರಾಣ ತೆಗೆದ್ರಿ? ಡಿಎನ್‌ಎಗೆ ಅಂದಚೆಂದ ಬೇಡ ಅಕ್ಕ. ಎಲ್ಲಾನೂ ಕೊಳವೆಗೆ ಹಾಕಿ.”

ಸುರುಳಿಗಳನ್ನು ಚಿಮುಟದಿಂದ ಒಂದೊಂದಾಗಿ ಎತ್ತಿದರು. ಅಚ್ಚಿನಲ್ಲಿ ಉಳಿದದ್ದನ್ನೂ ತೆಳುವಾಗಿ ಕೊಯ್ದು ಸೇರಿಸಿದರು. ಡಿಎನ್‌ಎ ಸಾಕಾಯಿತು. ಗಂಟಿನ ಬಗೆ ಖಚಿತವಾಯಿತು: ಔಷಧಕ್ಕೆ ಸಾಮಾನ್ಯವಾಗಿ ಬಗ್ಗುವ ಬಗೆ. ಮಗು ಗುಣವಾಯಿತೆಂದು ಈಗಲೇ ಬರೆಯುವುದು ಬೇಜವಾಬ್ದಾರಿ. ಔಷಧ ಆರಂಭವಾಗಿದೆ, ಮತ್ತೆ ಸೂಜಿ ಹಾಕುವುದು ತಪ್ಪಿದೆ, ಇಷ್ಟು ಸತ್ಯ.

ಸುದ್ದಿ ತಿಳಿದ ಅಜ್ಜಿ ಮತ್ತೆ ಕೆಳಗಿಳಿದು ಬಂದರು. “ನಿಮ್ಮ ಕೈ ತಣ್ಣಗಿರಲಿ ತಾಯಿ, ಎಷ್ಟು ನಾಜೂಕಾಗಿ ಕೊಯ್ದ್ರೋ!”

“ನಾಜೂಕೇನಿಲ್ಲ ಅಜ್ಜಿ, ತಪ್ಪಾಗೇ ಕೊಯ್ದೆ. ಸದ್ಯ, ಕಸ ಗುಡಿಸಲಿಲ್ಲ. ಅದಕ್ಕೇ ಉಳೀತು.”

ಅಜ್ಜಿ ಆಚೀಚೆ ನೋಡಿ ದನಿ ತಗ್ಗಿಸಿದರು. “ಅದನ್ನ ನನ್ನ ಸೊಸೆ ಮುಂದೆ ಮಾತ್ರ ಹೇಳ್ಬೇಡಿ. ನಾಳೆಯಿಂದ ಪೊರಕೆ ಮುಟ್ಟಲ್ಲ!”